ಕೆನಡಾದಲ್ಲಿ ಫಾಸ್ಟರ್ ಕೇರ್‌ನಲ್ಲಿರುವ ಮೂಲನಿವಾಸಿ ಮಕ್ಕಳ ಓದಿಗೆ ಬೆಂಬಲ ಕೊಡುವುದು ಹೇಗೆ?

ಬ್ರಿಟಿಷ್ ಕೊಲಂಬಿಯಾದಲ್ಲಿ (ಬಿ.ಸಿ.) ಫಾಸ್ಟರ್ ಪೋಷಕರಾಗಲು, ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸರ್ಕಾರದ ವ್ಯವಸ್ಥೆಯಡಿ ತಮ್ಮ ಮನೆಯಲ್ಲಿ ನೋಡಿಕೊಳ್ಳಲು ಹೊರಟಿರುವ ಕನ್ನಡಿಗರಿಗೆ, ಇಲ್ಲಿನ ಶಾಲೆಗಳಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದು. ಮಗು ಮನೆಗೆ ಬಂದ ಮೇಲೆ ಹೋಂವರ್ಕ್ ಮಾಡಿಸಿದರೆ ಸಾಕು ಅಂದುಕೊಂಡಿದ್ದರೆ, ಅದು ಕೆಲಸದ ಸಣ್ಣ ಭಾಗ ಅಷ್ಟೇ.

2021ರ ಜನಗಣತಿ ಪ್ರಕಾರ ಕೆನಡಾದ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7. ಅದೇ ವಯಸ್ಸಿನ ಫಾಸ್ಟರ್ ಮಕ್ಕಳಲ್ಲಿ ಅವರು ಶೇ. 53.8! ಇದರ ಹಿಂದೆ ರೆಸಿಡೆನ್ಷಿಯಲ್ ಶಾಲೆಗಳ, ಅಂದರೆ ಮೂಲನಿವಾಸಿ ಮಕ್ಕಳಿಗಾಗಿ ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿ ಶಾಲೆಗಳ ಚರಿತ್ರೆ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ದೂರ ಮಾಡಿ, ಅವರ ಭಾಷೆ ಬಿಡಿಸಿದ್ದು ಶಾಲೆಯ ಹೆಸರಿನಲ್ಲೇ. ಹಾಗಾಗಿ ಮಗುವಿನ ಅಜ್ಜಿ ಶಾಲೆಯ ಮೀಟಿಂಗ್‌ಗೆ ಬರದಿದ್ದರೆ "ಅವರಿಗೆ ಕಾಳಜಿ ಇಲ್ಲ" ಎಂದು ಸುಮ್ನೆ ತೀರ್ಮಾನ ಮಾಡಬೇಡಿ. ಶಾಲೆಯ ಹೊರಗೆ, ಅವರಿಗೆ ಒಗ್ಗುವ ಜಾಗದಲ್ಲಿ ಮಾತಾಡೋಣವೇ ಎಂದು ಸೋಷಿಯಲ್ ವರ್ಕರ್ ಮೂಲಕ ಕೇಳಿಸಿ.

ಮೊದಲ ವಾರವೇ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಯಾವ ಕಾಗದಕ್ಕೆ ಯಾರು ಸಹಿ ಹಾಕಬೇಕು? ಫೀಲ್ಡ್ ಟ್ರಿಪ್ ಫಾರ್ಮ್ ಯಾರದು, ಕಲಿಕೆಯ ಪರೀಕ್ಷೆಗೆ (ಕಲಿಯಲು ಏನು ತೊಂದರೆ ಎಂದು ತಜ್ಞರು ನೋಡುವುದು) ಒಪ್ಪಿಗೆ ಯಾರದು, ರಿಪೋರ್ಟ್ ಕಾರ್ಡ್ ಯಾರ್ಯಾರಿಗೆ ಹೋಗಬೇಕು? ಸಹಿ ಸಿಗದೆ ಇಡೀ ತರಗತಿ ಟ್ರಿಪ್‌ಗೆ ಹೋದಾಗ ಈ ಮಗು ಒಂದೇ ಆಫೀಸಿನಲ್ಲಿ ಕೂತರೆ, ತಾನು ಬೇರೆ ಎನ್ನುವ ಪಾಠವನ್ನು ಅದಕ್ಕೆ ಯಾರೂ ಪ್ರತ್ಯೇಕವಾಗಿ ಹೇಳಿಕೊಡಬೇಕಿಲ್ಲ.

ಇನ್ನು ನಾನು ಜಾಸ್ತಿ ಒತ್ತಿ ಹೇಳುವ ಮಾತು. ಬಿ.ಸಿ.ಯಲ್ಲಿ ಹೈಸ್ಕೂಲ್ ಮುಗಿಸಿದವರಿಗೆ ಸಿಗುವುದು ಡಾಗ್‌ವುಡ್ ಡಿಪ್ಲೊಮಾ. ಎವರ್‌ಗ್ರೀನ್ ಎಂಬ ಇನ್ನೊಂದು ಸರ್ಟಿಫಿಕೇಟ್ ಇದೆ, ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಮಾಡಿದ್ದು. ಅದನ್ನೂ ವೇದಿಕೆ ಮೇಲೆ ಕರೆದೇ ಕೊಡಬಹುದು, ಚಪ್ಪಾಳೆಯೂ ಬೀಳುತ್ತದೆ, ಆದರೆ ಅದು ಗ್ರ್ಯಾಜುಯೇಷನ್ ಅಲ್ಲ, ಕಾಲೇಜಿನ ಬಾಗಿಲಿಗೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಮಗುವಿಗೆ ಐ.ಇ.ಪಿ. (ಆ ಮಗುವಿಗೆಂದೇ ಶಾಲೆ ಮಾಡುವ ಕಲಿಕೆಯ ಯೋಜನೆ) ಇದ್ದರೆ ಶಾಲೆಯನ್ನು ನೇರವಾಗಿ ಕೇಳಿ: ಅದೇ ಪಾಠ ಕಲಿಯಲು ಹೆಚ್ಚು ಸಮಯ, ಸಹಾಯ ಕೊಡುತ್ತಿದ್ದೀರಾ, ಇಲ್ಲ ಪಾಠವನ್ನೇ ಇಳಿಸಿದ್ದೀರಾ? ಡಾಗ್‌ವುಡ್ ದಾರಿಯಲ್ಲೇ ಇದ್ದಾನಾ? ಹತ್ತನೇ ತರಗತಿಗೆ ಮುಂಚೆ ಕೇಳಿ, ಪ್ರತಿ ವರ್ಷ ಕೇಳಿ. "ಪಾಪ, ಇಷ್ಟು ಕಷ್ಟ ಪಟ್ಟಿದೆ, ಓದಿನ ಒತ್ತಡ ಬೇಡ" ಎಂಬ ಕರುಣೆಯ ಮಾತು ಶಾಲೆಯಲ್ಲೂ ಬರುತ್ತದೆ, ನಮ್ಮ ಬಾಯಲ್ಲೂ ಬರುತ್ತದೆ. ನಮ್ಮ ಸ್ವಂತ ಮಕ್ಕಳ ಮಾರ್ಕ್ಸ್ ವಿಷಯದಲ್ಲಿ ನಾವು ಹೀಗೆ ಬಿಡುತ್ತೇವಾ? ಇಲ್ಲ ಅಲ್ವಾ?

ಮನೆ ಬದಲಾದರೂ ಶಾಲೆ ಬದಲಾಗದಂತೆ ನೋಡಿಕೊಳ್ಳಲು ಒತ್ತಾಯ ಮಾಡಿ. ಆಗದಿದ್ದರೆ ರಿಪೋರ್ಟ್ ಕಾರ್ಡ್, ಪರೀಕ್ಷಾ ವರದಿ, ಮುಗಿಸಿದ ಕೋರ್ಸ್‌ಗಳ ಪಟ್ಟಿ, ಎಲ್ಲದರ ಪ್ರತಿ ಒಂದು ಫೈಲಿನಲ್ಲಿಟ್ಟು ಮಗುವಿನ ಜೊತೆಗೇ ಕಳಿಸಿ.

ಮಗುವಿನ ಸಮುದಾಯದ ಹೆಸರು ತಿಳಿದುಕೊಳ್ಳಿ. ಹೈದಾ, ಕ್ರೀ, ಮೆಟೀ, ಇನ್ಯೂಟ್, ಎಲ್ಲರೂ ಒಂದೇ ಅಲ್ಲ. 2020ರಿಂದ ಜಾರಿಯಲ್ಲಿರುವ ಫೆಡರಲ್ ಕಾನೂನು ಮಗುವಿಗೆ ತನ್ನ ಕುಟುಂಬ, ಸಮುದಾಯ, ಭಾಷೆಯ ನಂಟು ಉಳಿಯಬೇಕು ಎನ್ನುತ್ತದೆ. ಶಾಲೆಯ ಇಂಡಿಜಿನಸ್ ಎಜುಕೇಷನ್ ಸಿಬ್ಬಂದಿಯನ್ನು ನೀವೇ ಹೋಗಿ ಪರಿಚಯ ಮಾಡಿಕೊಳ್ಳಿ. ಸಮುದಾಯದ ಕಾರ್ಯಕ್ರಮಕ್ಕೆ ಹೋಗಲು ರಜೆ ಬೇಕಾದರೆ ಮುಂಚೆಯೇ ಶಾಲೆಗೆ ತಿಳಿಸಿ. ತರಗತಿಯಲ್ಲಿ ಮೂಲನಿವಾಸಿಗಳ ಪಾಠ ಬಂದಾಗ ಈ ಮಗುವನ್ನೇ ಎಬ್ಬಿಸಿ ನಿಲ್ಲಿಸಿ "ನೀನು ಹೇಳು" ಅನ್ನಬೇಡಿ ಎಂದು ಟೀಚರ್‌ಗೂ ಹೇಳಿಡಿ.

ಟ್ಯೂಷನ್, ಸ್ಪೀಚ್ ಥೆರಪಿ, ಕಲಿಕೆಯ ಪರೀಕ್ಷೆ ಇಂಥದ್ದು ಬೇಕಾದರೆ ಫಸ್ಟ್ ನೇಷನ್ಸ್ (ಮೆಟೀ, ಇನ್ಯೂಟ್ ಅಲ್ಲದ ಮೂಲನಿವಾಸಿ) ಮಕ್ಕಳಿಗೆ ಜೋರ್ಡನ್ಸ್ ಪ್ರಿನ್ಸಿಪಲ್ ಅಡಿ, ಅಂದರೆ ಈ ಮಕ್ಕಳಿಗೆ ಬೇಕಾದ ಸೇವೆ ತಡವಿಲ್ಲದೆ ಸಿಗಬೇಕು ಎನ್ನುವ ಫೆಡರಲ್ ನಿಯಮದ ಅಡಿ ಅರ್ಜಿ ಹಾಕಬಹುದು. 2025ರಲ್ಲಿ ನಿಯಮ ಬಿಗಿಯಾಗಿದೆ, ಶಾಲೆಗೆ ಸಂಬಂಧಿಸಿದ ಕೋರಿಕೆಗಳಿಗಂತೂ ಹೆಚ್ಚು. ಅರ್ಜಿ ಜೊತೆ ಡಾಕ್ಟರ್ ಅಥವಾ ತಜ್ಞರ ಪತ್ರ ಇಡಿ.

ದುಡ್ಡಿನ ವಿಷಯ ಮಗು ಚಿಕ್ಕದಿರುವಾಗಲೇ ಶುರು ಮಾಡಿ. ಕೆನಡಾ ಲರ್ನಿಂಗ್ ಬಾಂಡ್ ಎಂಬ ಸರ್ಕಾರಿ ಯೋಜನೆ ಮುಂದಿನ ಓದಿಗಾಗಿ ತೆರೆದ ಉಳಿತಾಯ ಖಾತೆಗೆ ಒಂದು ಮಗುವಿಗೆ 2,000 ಡಾಲರ್‌ವರೆಗೆ ಕೊಡುತ್ತದೆ, 2004 ಅಥವಾ ಆಮೇಲೆ ಹುಟ್ಟಿದ ಫಾಸ್ಟರ್ ಮಕ್ಕಳಿಗೂ ಇದು ಸಿಗಬಹುದು, ನಾವು ಸ್ವಂತ ದುಡ್ಡು ಹಾಕಬೇಕಿಲ್ಲ. ಖಾತೆ ತೆರೆದಿದ್ದಾರಾ ಎಂದು ಸೋಷಿಯಲ್ ವರ್ಕರ್‌ನ ಕೇಳಿ. ಯಾರೂ ತೆರೆದಿಲ್ಲದಿದ್ದರೆ 18 ತುಂಬಿದ ಮೇಲೆ, 21 ಆಗುವುದರೊಳಗೆ ಅವರೇ ಅರ್ಜಿ ಹಾಕಬಹುದು. ಬಿ.ಸಿ.ಯಲ್ಲಿ ಕೇರ್‌ನಲ್ಲಿ ಬೆಳೆದು ಅರ್ಹರಾದವರಿಗೆ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ. 2023ರಿಂದ ಅದಕ್ಕೆ ವಯಸ್ಸಿನ ಮಿತಿಯೂ ಹೋಗಿದೆ. ಹಾಗಾಗಿ ಕೇರ್‌ನಲ್ಲಿ ಬೆಳೆದವರು ಯಾರಾದರೂ ನಿಮಗೆ ಗೊತ್ತಿದ್ದರೆ, ಅವರು ಈಗ ಮೂವತ್ತು ದಾಟಿದ್ದರೂ ಒಂದು ಫೋನ್ ಮಾಡಿ ಹೇಳಿ.