ಮ್ಯೂನಿಕ್‌ಗೆ ಹೊರಟವರಿಗೆ: ರಾಗಿ ಎಲ್ಲಿ ಸಿಗುತ್ತದೆ?

ಸೂಟ್‌ಕೇಸಿಗೆ ಹತ್ತು ಕಿಲೋ ರಾಗಿ ಹಿಟ್ಟು ತುಂಬುವ ಮುನ್ನ ಇದನ್ನು ಓದಿ. ಮ್ಯೂನಿಕ್‌ನಲ್ಲಿ ಹಲವು ವರ್ಷ ಸಂಸಾರ ಮಾಡಿ ಈಗ ಮೈಸೂರಿಗೆ ಮರಳಿರುವ ನನಗೆ, ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಅಲ್ಲಿನ ನಮ್ಮ ಸಂಘದವರು ಹೇಳಿದ್ದಾರೆ.

ಅಮ್ಮ ಎಷ್ಟೇ ಒತ್ತಾಯಿಸಿದರೂ ತುಪ್ಪದ ಡಬ್ಬಿ ಕೊಂಡೊಯ್ಯಬೇಡಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಬದನೆಕಾಯಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತಾಜಾ ಹಣ್ಣು, ಕಾಯಿಗಳಲ್ಲಿ ಅದು ಬೇಡದವು ಐದೇ: ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡ್ಯೂರಿಯನ್. ಹಾಗಾಗಿ ನಂಜನಗೂಡು ರಸಬಾಳೆಗೆ ಕಾನೂನಿನ ಅಡ್ಡಿಯಿಲ್ಲ. ಬಟ್ಟೆಗಳ ನಡುವೆ ಅದು ಯಾವ ಸ್ಥಿತಿಯಲ್ಲಿ ತಲುಪುತ್ತದೆ ಎಂಬುದು ಬೇರೆ ಮಾತು. ಸಾರಿನ ಪುಡಿ, ಹುಳಿ ಪುಡಿ ಮನೆಯದೇ ಇರಲಿ. ಮುದ್ದೆ ತೊಳಸುವ ಕೋಲನ್ನು ಮರೆಯಬೇಡಿ, ಅದು ಅಲ್ಲಿ ಸಿಗುವುದಿಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ಒಂದೇ ಸುತ್ತಿಗೆ ಚೀಲ ತುಂಬಿಸುವ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ. ಅಲ್ಲಿ ನಮ್ಮ ಅಡುಗೆ ಮನೆ ಮೂರು ಅಂಗಡಿಗಳಲ್ಲಿ ಹಂಚಿಹೋಗಿದೆ, ಅದೂ ಬೇರೆಯವರ ಹೆಸರಿನಲ್ಲಿ. ನಾನು ಮೊದಲ ಮೂರು ತಿಂಗಳು ಶ್ರೀಲಂಕಾ ತಮಿಳರ ಅಂಗಡಿಯೊಂದರಲ್ಲಿ ರಾಗಿ ಹುಡುಕಿ ಬರಿಗೈಯಲ್ಲಿ ಬರುತ್ತಿದ್ದೆ. ಕೊನೆಗೊಂದು ದಿನ ಅಂಗಡಿಯಾಕೆಯ ಎದುರು ಅಂಗೈಯಲ್ಲಿ ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದೆ. ಆಕೆ ನಗುತ್ತಾ ನನ್ನ ಮೊಣಕಾಲ ಬಳಿಯ ಅಟ್ಟಣೆಯಿಂದ ಒಂದು ಪೊಟ್ಟಣ ಎತ್ತಿ ಕೊಟ್ಟರು. ಮೇಲೆ ‘ಕುರಕ್ಕನ್’ ಎಂದಿತ್ತು. ಲಂಕೆಯವರು ರಾಗಿಯನ್ನು ಕರೆಯುವುದೇ ಹಾಗೆ. ಮೊದಲು ಸಣ್ಣ ಪೊಟ್ಟಣ ಕೊಂಡು ರುಚಿ ನೋಡಿ, ಬಹಳ ದಿನ ಕೂತ ಹಿಟ್ಟು ಕಹಿಯಾಗಿರುತ್ತದೆ. ಕರಿಬೇವು, ನುಗ್ಗೆಕಾಯಿ, ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿಯನ್ನೂ ಇಂಥ ಅಂಗಡಿಗಳಲ್ಲೇ ಕೇಳಿ.

ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಗೋಥೆ ಬೀದಿ, ಲಾಂಡ್‌ವೆರ್ ಬೀದಿಗಳಲ್ಲಿ ತುರ್ಕಿ ಮತ್ತು ಅರಬ್ ಅಂಗಡಿಗಳಿವೆ. ಹಸಿಮೆಣಸಿನಕಾಯಿ, ಬದನೆ, ಕಡಲೆಕಾಳು, ಕೊತ್ತಂಬರಿ ಅಲ್ಲಿ ಕೊಳ್ಳಿ. ಕೊತ್ತಂಬರಿಯ ಪಕ್ಕದಲ್ಲೇ ಅದರ ತಮ್ಮನಂತೆ ಕಾಣುವ ಪಾರ್ಸ್ಲಿ ಕಟ್ಟು ಇರುತ್ತದೆ. ಎಲೆ ಉಜ್ಜಿ ಮೂಸದೆ ಚೀಲಕ್ಕೆ ಹಾಕಬೇಡಿ.

ಆಲ್ಡಿ, ಲಿಡ್ಲ್, ರೇವೆ, ಎಡೆಕಾ ಎಂಬ ಜರ್ಮನ್ ಸೂಪರ್‌ಮಾರ್ಕೆಟ್‌ಗಳಲ್ಲಿ ಉಳಿದದ್ದೆಲ್ಲ ಸಿಗುತ್ತದೆ. ‘ಮಿಲ್ಶ್‌ರೈಸ್’ ಎಂಬ ಗುಂಡು ಅಕ್ಕಿ ಪಾಯಸಕ್ಕೆಂದೇ ಮಾರುವುದು, ಆದರೆ ಮೊಸರನ್ನಕ್ಕೂ ಪೊಂಗಲಿಗೂ ಹೇಳಿ ಮಾಡಿಸಿದ್ದು. ಮೊಸರಿನ ಡಬ್ಬಿಯ ಮೇಲೆ ‘ಮಿಲ್ಡ್’ ಎಂದಿದ್ದರೆ ಹುಳಿ ಕಡಿಮೆ, ಮಜ್ಜಿಗೆ ಹುಳಿ ಸಪ್ಪೆಯಾಗುತ್ತದೆ. ಇನ್ನು ತುಪ್ಪ: ‘ಜಾವರ್‌ರಾಮ್‌ಬುಟರ್’ ಎಂದು ಬರೆದ 250 ಗ್ರಾಂ ಬೆಣ್ಣೆ ತನ್ನಿ. ಅದು ಹುಳಿ ಬರಿಸಿದ ಕೆನೆಯ ಬೆಣ್ಣೆ. ಸಣ್ಣ ಉರಿಯಲ್ಲಿ ಕಾಯಿಸಿದರೆ ಮೊಸರು ಕಡೆದ ಬೆಣ್ಣೆಯ ತುಪ್ಪದ ಪರಿಮಳ ಹತ್ತಿರ ಹತ್ತಿರ ಬರುತ್ತದೆ. ಸಿಹಿ ಕೆನೆಯ ಬೆಣ್ಣೆಗೆ ಆ ಘಮವಿಲ್ಲ.

ಊರ ನಡುವಿನ ವಿಕ್ಟುವಾಲಿಯೆನ್ ಮಾರುಕಟ್ಟೆಯ ಹೂವು, ಹಣ್ಣುಗಳನ್ನು ಕಂಡಾಗ ದೇವರಾಜ ಮಾರುಕಟ್ಟೆ ನೆನಪಾಗುತ್ತದೆ. ಬೆಲೆ ಕೇಳಿದಾಗ ಮರೆತುಹೋಗುತ್ತದೆ.

ಜೇಬಿನಲ್ಲಿ ಒಂದು ಯೂರೋ ನಾಣ್ಯ ಸದಾ ಇರಲಿ, ಅದನ್ನು ತೂರಿಸಿದರೇ ಎಷ್ಟೋ ಕಡೆ ತಳ್ಳುಗಾಡಿ ಬಿಡುವುದು. ಬಿಸಾಡುವ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು ಬರುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಶನಿವಾರ ಸಂಜೆ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಮಕ್ಕಳ ಹಾಲು ಮರೆತವರಿಗೆ ಉಳಿಯುವುದು ರೈಲು ನಿಲ್ದಾಣದೊಳಗಿನ ಅಂಗಡಿ. ಅಲ್ಲಿನ ಸಾಲಿನಲ್ಲಿ ನಿಮ್ಮಂತೆಯೇ ಮರೆತ ಅರ್ಧ ಊರು ನಿಂತಿರುತ್ತದೆ.