ಪಿಂಗ್ ಹೋಗುತ್ತೆ, ಬ್ಯಾಂಕಿನ ಪುಟ ಮಾತ್ರ ತೆರೆಯಲ್ಲ

ಬೆಟಗೇರಿಯ ಅಂಗಡಿ. ಫೈಬರ್ ಡಬ್ಬಿ ಬ್ರಿಡ್ಜ್ ಮೋಡ್‌ನಲ್ಲಿ (ಬರೀ ಸಂಪರ್ಕ ದಾಟಿಸುತ್ತದೆ), ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಕಂಪನಿಗೆ ಜೋಡಿಸಿಕೊಳ್ಳುವ ವಿಧಾನ) ಲಾಗಿನ್ ನಮ್ಮದೇ ರೌಟರ್‌ನಲ್ಲಿ. ಪಿಂಗ್ (ಪರೀಕ್ಷಾ ಪ್ಯಾಕೆಟ್ ಕಳಿಸಿ ಉತ್ತರ ನೋಡುವುದು) ಸರಿ, ವಾಟ್ಸಾಪ್ ಸಂದೇಶ ಸರಿ. ಬ್ಯಾಂಕಿನ ಮತ್ತು ಇನ್ನೆರಡು ಪುಟ ಅರ್ಧಕ್ಕೇ ನಿಲ್ಲುತ್ತಿದ್ದವು. ಅದೇ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಲೀಸು.

ಡಿಎನ್‌ಎಸ್ ಬದಲಿಸಿದೆ, ಬ್ರೌಸರ್ ಬದಲಿಸಿದೆ, ಕೇಬಲ್ ಬದಲಿಸಿದೆ, ರೌಟರ್ ರೀಸೆಟ್ ಮಾಡಿದೆ. ಉಪಯೋಗವಿಲ್ಲ.

ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 1.1.1.1ಕ್ಕೆ ಪಿಂಗ್ ಕೊಡುವಾಗ ಎಫ್ (ತುಂಡು ಮಾಡಬೇಡ) ಮತ್ತು ಎಲ್ (ಗಾತ್ರ) ಆಯ್ಕೆ ಹಾಕಿದೆ. 1472 ಬೈಟ್ ಹೋಗಲಿಲ್ಲ, 1464 ಹೋಯಿತು. ಐಪಿ ಹೆಡರ್ 20, ಐಸಿಎಂಪಿ (ಪಿಂಗ್ ಮತ್ತು ದೋಷ ಸಂದೇಶಗಳು ಬಳಸುವ ನಿಯಮ) ಹೆಡರ್ 8 ಕೂಡಿಸಿದರೆ 1492. ಸಾಮಾನ್ಯ 1500ರಲ್ಲಿ ಪಿಪಿಪಿಒಇ ತನಗೇ 8 ಬೈಟ್ ಹಿಡಿಯುತ್ತದೆ. ನಮ್ಮ ರೌಟರ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮಾತ್ರ 1500 ಎಂದಿತ್ತು. ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬೀಳುತ್ತದೆ. 'ಗಾತ್ರ ಇಳಿಸು' ಎನ್ನುವ ಐಸಿಎಂಪಿ ಸಂದೇಶವನ್ನು ಕೆಲವು ಸರ್ವರ್‌ಗಳ ಫೈರ್‌ವಾಲ್ ತಡೆಯುವುದರಿಂದ ಅವು ಅದೇ ಗಾತ್ರವನ್ನು ಮತ್ತೆ ಮತ್ತೆ ಕಳಿಸುತ್ತವೆ. ಎಲ್ಲ ಪುಟಗಳೂ ಕೆಡದಿರಲು ಇದೇ ಕಾರಣ.

ಮಾಡಿದ್ದು: ವ್ಯಾನ್ (ರೌಟರ್‌ನ ಇಂಟರ್ನೆಟ್ ಬದಿ) ಪಿಪಿಪಿಒಇ ಎಂಟಿಯು 1492, ಎಂಎಸ್‌ಎಸ್ ಕ್ಲ್ಯಾಂಪ್ 1452 (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಹೋಗುವ ಮಾಹಿತಿಗೆ ರೌಟರ್ ಹಾಕುವ ಮಿತಿ; 1492ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದು). ಸೇವ್ ಮಾಡಿ ಪಿಪಿಪಿಒಇ ಕಡಿದು ಮತ್ತೆ ಜೋಡಿಸಿದೆ. ಸೇವ್ ಒಂದೇ ಸಾಲದು. ಎಂಟಿಯು ಮಾತ್ರ ಬದಲಿಸಿ ಕ್ಲ್ಯಾಂಪ್ ಬಿಟ್ಟಾಗ ಬ್ಯಾಂಕಿನ ಪುಟ ಇನ್ನೂ ತಡವರಿಸುತ್ತಿತ್ತು. ನಿಮ್ಮಲ್ಲಿ 1464 ಕೂಡ ಹೋಗದಿದ್ದರೆ ಎಂಟೆಂಟು ಬೈಟ್ ಇಳಿಸುತ್ತ ಹೋಗಿ, ಹೋದ ಸಂಖ್ಯೆಗೆ 28 ಸೇರಿಸಿ, ಅದೇ ನಿಮ್ಮ ಎಂಟಿಯು.