ಸುಣ್ಣದ ಹಾಗಾಗಿದ್ದ ಟ್ರೇಲರ್‌ಗೆ ಹಳೇ ಬಣ್ಣವನ್ನೇ ಉಳಿಸಿಕೊಂಡೆ: ನನ್ನ ಅನುಭವ

ನೋಡಿದವರೆಲ್ಲ ಹೇಳಿದ್ದು ಒಂದೇ. "ಇದು ಮುಗಿದ ಬಣ್ಣ, ಪೂರ್ತಿ ಕೆರೆದು ಹೊಸದಾಗಿ ಹೊಡೆಸಿಬಿಡಿ." ಪೇಂಟರ್ ಕೊಟ್ಟ ಲೆಕ್ಕ, ನಾನು ಟ್ರೇಲರ್‌ಗೆ ಕೊಟ್ಟ ದುಡ್ಡಿನ ಹತ್ತಿರ ಹತ್ತಿರ ಮುಕ್ಕಾಲು ಭಾಗ. ನಾನು ಒಪ್ಪಲಿಲ್ಲ. ಈಗ ಅದೇ ಜನ ಬಂದು ಯಾವ ಪೇಂಟ್ ಹೊಡೆಸಿದಿರಿ ಅಂತ ಕೇಳುತ್ತಾರೆ. ಒಂದು ತೊಟ್ಟು ಹೊಸ ಪೇಂಟ್ ಬಿದ್ದಿರುವುದು ಬಾಗಿಲಿನ ಕೆಳ ಅಂಚಿಗೆ ಮಾತ್ರ.

ಗಾಡಿ ಒಂದೇ ಆಕ್ಸಲ್‌ನ ಮುಚ್ಚಿದ ಟ್ರೇಲರ್. ಮೈ ಕೆಂಪು ಬಣ್ಣದ ಉಕ್ಕಿನ ಶೀಟ್, ಕೆಳಗಡೆ ಸುತ್ತಲೂ ಸಾದಾ ಅಲ್ಯೂಮಿನಿಯಂ ತಗಡು, ಅಂಚಿಗೆ ಆನೊಡೈಸ್ ಮಾಡಿದ (ಮೇಲೆ ಗಟ್ಟಿ ಆಕ್ಸೈಡ್ ಪದರ ಬರಿಸಿದ) ಅಲ್ಯೂಮಿನಿಯಂ ಪಟ್ಟಿ. ವರ್ಷಗಟ್ಟಲೆ ಬಯಲಲ್ಲೇ ನಿಂತಿತ್ತು. ಕೈ ಸವರಿದರೆ ಅಂಗೈ ತುಂಬ ಗುಲಾಬಿ ಪುಡಿ.

ಆ ಪುಡಿಯೇ ನನಗೆ ಧೈರ್ಯ ಕೊಟ್ಟಿದ್ದು. ಬಟ್ಟೆಗೆ ಸ್ವಲ್ಪ ಕಾಂಪೌಂಡ್ (ಸಣ್ಣ ಕಣಗಳಿರುವ, ಬಣ್ಣ ಉಜ್ಜುವ ಪೇಸ್ಟ್) ಹಾಕಿ ಮೂಲೆಯಲ್ಲಿ ಅಂಗೈಯಗಲ ಉಜ್ಜಿದೆ. ಬಟ್ಟೆ ಕೆಂಪಾಯಿತು. ಅಂದರೆ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇಲ್ಲ, ಬಣ್ಣವೇ ಮೇಲ್ಪದರವಾಗಿರುವ ಸಿಂಗಲ್ ಸ್ಟೇಜ್ ಪೇಂಟ್. ಬಿಸಿಲಿಗೆ ಸತ್ತಿರುವುದು ಮೇಲಿನ ತೆಳು ಪದರ ಅಷ್ಟೇ. ಕ್ಲಿಯರ್ ಕೋಟ್ ಸಿಪ್ಪೆ ಏಳುತ್ತಿರುವ ಗಾಡಿಗೆ ಈ ದಾರಿ ನಡೆಯುವುದಿಲ್ಲ, ಅದಕ್ಕೆ ಪೇಂಟ್ ಹೊಡೆಸಲೇಬೇಕು.

ಮೊದಲು ಅವರಿವರು ಹೇಳಿದ್ದನ್ನೆಲ್ಲ ಹಿಂದಿನ ಬಾಗಿಲ ಮೇಲೆ ಮಾಡಿ ನೋಡಿದೆ. ಡೀಸೆಲ್ ಒರೆಸಿದರೆ ಸಂಜೆವರೆಗೆ ಹೊಳಪು, ಮಾರನೇ ದಿನ ಅದರ ಮೇಲೆ ಧೂಳಿನ ಪದರ. ಅಗಸೆ ಎಣ್ಣೆ ಒಂದು ತಿಂಗಳು ಚೆನ್ನಾಗಿ ಕಂಡಿತು, ಆಮೇಲೆ ಹಳದಿಯಾಗಿ ಅಂಟಂಟು. ಅದನ್ನು ತೆಗೆಯಲು ಹೋದ ಥಿನ್ನರ್ ದುಡ್ಡು ಎಣ್ಣೆಗಿಂತ ಜಾಸ್ತಿ. ಆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತುತ್ತದೆ. ಬಿಡಿಸಿ ಹರಡಿ, ಹೊರಗೆ ಒಣಗಿಸಿ. ಮೂರನೆಯದು, ಒರಟು ಕಾಂಪೌಂಡ್ ಹಾಕಿ ನೇರ ಮಷಿನ್ ಬಿಡುವುದು. ಒಣಗಿದ ಪೇಂಟ್ ಪುಡಿಪುಡಿಯಾಗಿ ಎದ್ದು ಪ್ಯಾಡ್ ಕಟ್ಟಿಕೊಂಡಿತು, ಹೊಳಪು ಬರಲಿಲ್ಲ.

ಕೈಹಿಡಿದಿದ್ದು ಎಣ್ಣೆಯಂಶ ಇರುವ ಗ್ಲೇಜ್, ಅಂದರೆ ಒಣಗಿದ ಬಣ್ಣಕ್ಕೆ ಜೀವ ಕೊಡುವ ಪಾಲಿಶ್. ಸಿಂಗಲ್ ಸ್ಟೇಜ್ ಪೇಂಟ್ ಮಾಡುವವರು ಮೆಗ್ವಾಯರ್ಸ್ 7 ನಂಬರ್ ಹೆಸರು ಕೇಳಿರುತ್ತೀರಿ, ಆ ಜಾತಿಯದ್ದು. ತೊಳೆದು ಒಣಗಿಸಿ, ಧಾರಾಳವಾಗಿ ಬಳಿದು, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹೀರಿಕೊಂಡಿತ್ತು! ಇನ್ನೊಂದು ಸಲ ಬಳಿದೆ. ಹೀರುವುದು ನಿಂತ ಮೇಲೇ ಮುಂದಿನ ಕೆಲಸ. ಬಿಸಿಲಿಗೆ ಜಾಸ್ತಿ ಮುಖ ಮಾಡಿದ್ದ ಭಾಗಕ್ಕೆ ಮಾತ್ರ 2000, ಆಮೇಲೆ 3000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟು ನಯ). ಆ ನೀರಿಗೆ ನಾನು ಒಂದು ಪದಾರ್ಥ ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಅಂಚುಗಳಿಗೆಲ್ಲ ಟೇಪ್. ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದಾಗ ನಡುವೆ 120 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆಸುಪಾಸು ಇದ್ದರೆ ಅಂಚಿನಲ್ಲಿ 70ರ ಹತ್ತಿರ. ಅಲ್ಲಿ ಕಾಗದ ಆಡಿಸಿದರೆ ಪ್ರೈಮರ್ ಇಣುಕುತ್ತದೆ. ನಂತರ ರೋಟರಿ ಮಷಿನ್ ನಿಮಿಷಕ್ಕೆ 1000–1200 ಸುತ್ತಿನ ವೇಗದಲ್ಲಿ, ಮೊದಲು ಕಾಂಪೌಂಡ್, ಆಮೇಲೆ ಪಾಲಿಶ್. ಎಲ್ಲ ಸೇರಿ ತೆಗೆದಿದ್ದು ಹದಿನೈದು ಮೈಕ್ರಾನ್ ಇರಬಹುದು. ಕೆಳಗಿಂದ ಎದ್ದು ಬಂದ ಕೆಂಪು ಈಗಿನ ಡಬ್ಬಿ ಪೇಂಟಿನಲ್ಲಿ ಸಿಗಲ್ಲ.

ಅಲ್ಯೂಮಿನಿಯಂ ಇದಕ್ಕಿಂತ ಹಟಮಾರಿ. ಹಿಂದಿನವರು ಉಕ್ಕಿನ ತಂತಿ ಬ್ರಶ್ ಹಾಕಿ ತಿಕ್ಕಿದ್ದರು. ಕಬ್ಬಿಣದ ಚೂರುಗಳು ತಗಡಿನೊಳಗೆ ಕೂತು, ಪ್ರತಿ ಮಳೆಗೂ ಕಿತ್ತಳೆ ಚುಕ್ಕಿ. 400 ನಂಬರ್ ಕಾಗದದಿಂದ ಶುರು ಮಾಡಿ 600, 800, 1000, 1500. ಪ್ರತಿ ನಂಬರಿಗೂ ಅಡ್ಡ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಹೋಗದೆ ಮುಂದೆ ಹೋಗುವಂತಿಲ್ಲ. ಆಮೇಲೆ ಸಿಸಲ್ (ಒರಟು ನಾರಿನ) ವೀಲ್‌ಗೆ ಕಂದು ಬಾರ್ (ಗಟ್ಟಿ ಪಾಲಿಶ್ ಕಡ್ಡಿ), ಕಾಟನ್ ವೀಲ್‌ಗೆ ಬಿಳಿ ಬಾರ್. ಕಪ್ಪು ಮಸಿ ಬಂದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಆ ಮಸಿ ತೆಗೆಯಲು ಮೆಕ್ಕೆಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಉದುರಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಯಾವ ಕ್ಲೀನರ್ ಕೂಡ ಅಷ್ಟು ಚೊಕ್ಕವಾಗಿ ತೆಗೆಯಲಿಲ್ಲ. ಆಳದ ಗುಂಡಿಗಳನ್ನು ಹಾಗೇ ಬಿಟ್ಟೆ. ಅವುಗಳ ಹಿಂದೆ ಬಿದ್ದರೆ ತಗಡು ಸವೆಯುತ್ತದೆ.

ಅಂಚಿನ ಪಟ್ಟಿ ಎಷ್ಟು ಉಜ್ಜಿದರೂ ಮಸಿಯೇ ಬರಲಿಲ್ಲ. ಮಲ್ಟಿಮೀಟರ್ ಮುಳ್ಳು ಎರಡನ್ನೂ ಹಗುರವಾಗಿ ಇಟ್ಟೆ, ಬೀಪ್ ಇಲ್ಲ. ಆನೊಡೈಸ್ ಪದರ ಕರೆಂಟ್ ಬಿಡುವುದಿಲ್ಲ ಅಲ್ವಾ. ಕುತೂಹಲಕ್ಕೆ ಒಂದು ತುಂಡಿನ ಪದರವನ್ನು ಕಾಸ್ಟಿಕ್ ಸೋಡಾದಲ್ಲಿ ತೆಗೆದು ಪಾಲಿಶ್ ಮಾಡಿದೆ. ಗ್ಲೌಸ್, ಕನ್ನಡಕ ಇಲ್ಲದೆ ಅದರ ಹತ್ತಿರ ಹೋಗಬೇಡಿ. ಕನ್ನಡಿಯಾಯಿತು ನಿಜ, ಆದರೆ ತಿಂಗಳೊಪ್ಪತ್ತಿನಲ್ಲೇ ಮಂಕಾಯಿತು. ಉಳಿದ ಪಟ್ಟಿಗಳನ್ನು ಸೋಪು ನೀರಲ್ಲಿ ತೊಳೆದು ಸುಮ್ನೆ ಬಿಟ್ಟೆ.

ಕೀಲು, ಚಿಲಕಗಳ ತುಕ್ಕಿಗೆ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರು, 12 ವೋಲ್ಟ್‌ನ ಹಳೇ ಚಾರ್ಜರ್. ಪ್ಲಸ್‌ಗೆ ಸಾದಾ ಕಬ್ಬಿಣದ ಪಟ್ಟಿ, ಮೈನಸ್‌ಗೆ ತುಕ್ಕು ಹಿಡಿದ ಸಾಮಾನು. ಪ್ಲಸ್‌ಗೆ ಸ್ಟೇನ್‌ಲೆಸ್ ಹಾಕಬೇಡಿ, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಕೆಲಸ ಬಯಲಲ್ಲಿ ಇರಲಿ, ಹೈಡ್ರೋಜನ್ ಏಳುತ್ತದೆ. ಸಣ್ಣ ಬೋಲ್ಟುಗಳಿಗೆ ವಿನೆಗರ್ ಸಾಕು, ಗ್ಯಾಲ್ವನೈಸ್ ಆದವನ್ನು ಬೇರೆ ಎತ್ತಿಡಿ, ಸತು ಕರಗಿಹೋಗುತ್ತದೆ. ಬಾಗಿಲಿನ ಕೆಳ ಅಂಚಿಗೆ ಸಡಿಲ ತುಕ್ಕು ಕೆರೆದು, ಗಟ್ಟಿ ತುಕ್ಕಿನ ಮೇಲೆ ಫಾಸ್ಫರಿಕ್ ಆ್ಯಸಿಡ್ ಇರುವ, ತುಕ್ಕನ್ನು ಗಟ್ಟಿ ಪದರ ಮಾಡುವ ಕನ್ವರ್ಟರ್, ಕಪ್ಪಾದ ಮೇಲೆ ಎಪಾಕ್ಸಿ ಪ್ರೈಮರ್, ಪೇಂಟ್. ಹಳೇ ಕೆಂಪಿಗೆ ಹೊಸ ಕೆಂಪನ್ನು ಸೇರಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿಲ್ಲ. ಗೆರೆ ಎಲ್ಲಿದೆ ಅಂತ ಇಲ್ಲಿವರೆಗೆ ಯಾರೂ ತೋರಿಸಿಲ್ಲ.

ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ತಾಗಿದ ಕಡೆಯೆಲ್ಲ ಬಿಳಿ ಪುಡಿ ಎದ್ದಿತ್ತು. ಎರಡು ಲೋಹ ಒಂದಕ್ಕೊಂದು ತಾಗದಿರಲಿ ಅಂತ ಈಗ ಎಲ್ಲಕ್ಕೂ ನೈಲಾನ್ ವಾಷರ್ ಹಾಕಿದ್ದೇನೆ. ಬಹಳ ಅಗ್ಗದ ಕೆಲಸ ಅದು.

ಒಟ್ಟು ಖರ್ಚು ಪೇಂಟರ್ ಕೇಳಿದ್ದರ ಐದನೇ ಒಂದು ಭಾಗ. ಮಷಿನ್ ನನ್ನದೇ ಇತ್ತು, ಅದನ್ನು ಸೇರಿಸಿಲ್ಲ. ಅರ್ಧ ದುಡ್ಡು ತಿಂದಿದ್ದು ಕಾಗದ ಮತ್ತು ಪ್ಯಾಡ್. ಅಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅಗ್ಗದ ಕಾಗದದಿಂದ ಉದುರಿದ ಒಂದೇ ಕಾಳು ಎಳೆದ ಗೀರು ತೆಗೆಯಲು ಒಂದು ಸಂಜೆ ಪೂರ್ತಿ ಹೋಗುತ್ತದೆ.

ಒಂದು ಬದಿಗೆ ವ್ಯಾಕ್ಸ್, ಇನ್ನೊಂದು ಬದಿಗೆ ಪಾಲಿಮರ್ ಸೀಲೆಂಟ್ (ವ್ಯಾಕ್ಸ್ ಥರದ್ದೇ, ಕೃತಕ ರಕ್ಷಣೆಯ ಪದರ) ಹಾಕಿ ನೋಡುತ್ತಿದ್ದೇನೆ. ಆರು ತಿಂಗಳಾಯಿತು. ಸೀಲೆಂಟ್ ಬದಿಯಲ್ಲಿ ನೀರು ಇನ್ನೂ ಮಣಿಯಾಗಿ ನಿಲ್ಲುತ್ತದೆ, ವ್ಯಾಕ್ಸ್ ಬದಿ ಮತ್ತೆ ಕೇಳುತ್ತಿದೆ. ಅಲ್ಯೂಮಿನಿಯಂ ಮೇಲೆ ಲ್ಯಾಕರ್ (ವಾರ್ನಿಶ್ ಥರದ ಪಾರದರ್ಶಕ ಲೇಪ) ಹೊಡೆದರೆ ಕಷ್ಟವೇ ಇಲ್ಲ ಅನ್ನುವವರಿದ್ದಾರೆ. ಕಲ್ಲು ತಾಗಿ ಲ್ಯಾಕರ್ ಸೀಳಿದ ಕಡೆಯಿಂದ ಅದರ ಅಡಿಯಲ್ಲೇ ತುಕ್ಕಿನ ಬಿಳಿ ಎಳೆಗಳು ಹಬ್ಬಿದ್ದನ್ನು ನಾನು ಬೇರೆ ಗಾಡಿಯಲ್ಲಿ ನೋಡಿದ್ದೇನೆ. ನನ್ನದಕ್ಕೆ ಹಾಕಲ್ಲ, ಮೂರು ತಿಂಗಳಿಗೊಮ್ಮೆ ಕೈಯಲ್ಲೇ ಪಾಲಿಶ್ ಮಾಡುತ್ತೇನೆ.